ಹಳೆ ವಹಿಯ ಫೋಟೊ ತೆಗೆದಿದ್ದೇನೆ, ಪ್ರಿಂಟಿನಲ್ಲಿ ಅಕ್ಷರ ಎದ್ದು ಕಾಣಬೇಕು. ಹೇಗೆ?

ಘಟಪ್ರಭಾ_ದಂಡೆ (ಮುಧೋಳ ತಾಲೂಕು, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮೂರ ಭಜನಾ ಮೇಳದ್ದು ಒಂದು ಹಳೆ ವಹಿ ಇದೆ. ತತ್ವಪದ, ವಚನ, ಮಂಗಳಾರತಿ ಎಲ್ಲ ಕೈಬರಹದಲ್ಲಿವೆ. ಮೇಳದ ಹಿರಿಯರೊಬ್ಬರ ಮನೆಯಲ್ಲಿ ದೇವರ ಜಗಲಿ ಮೇಲೆ ಇಟ್ಟಿರುತ್ತಾರೆ, ಹೊರಗೆ ಕೊಡುವುದಿಲ್ಲ. ಅದು ಸರಿಯೇ, ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ. ಅವರ ಮನೆಯಲ್ಲೇ ಕೂತು ಪುಟ ಪುಟವೂ ಫೋನಿನಲ್ಲಿ ಫೋಟೊ ತೆಗೆದೆ.

ಫೋನಿನ ತೆರೆಯ ಮೇಲೆ ಚೆನ್ನಾಗಿ ಓದಲು ಬರುತ್ತದೆ. ಝೆರಾಕ್ಸ್ ಅಂಗಡಿಯವರಿಗೆ ವಾಟ್ಸ್‌ಆ್ಯಪ್ ಮಾಡಿ ಪ್ರಿಂಟ್ ತೆಗೆಸಿದರೆ ಹಾಳೆ ಪೂರ್ತಿ ಬೂದು. ಅಕ್ಷರ ಮಸುಕು, ಅಂಚೆಲ್ಲ ಚೂರುಚೂರು. ಒತ್ತಕ್ಷರ ಅಂತೂ ಗೊತ್ತೇ ಆಗುವುದಿಲ್ಲ. ಫೋನಿನ ಫೋಟೊ ಅಂದರೆ ಇಷ್ಟೇ ಬರುವುದು ಅಂತ ಅಂಗಡಿಯವರು ಹೇಳಿದರು.

ವಹಿ ಸಣ್ಣ ನೋಟ್‌ಬುಕ್ ಅಳತೆಯದು, ಸುಮಾರು ಎ5. ಹಾಡುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಹಾಗಾಗಿ ಎ4ಗೆ ದೊಡ್ಡದು ಮಾಡಿ ಕೊಡಬೇಕು. ಶ್ರಾವಣ ಬರುವುದರೊಳಗೆ ಎಲ್ಲರ ಕೈಗೂ ಒಂದೊಂದು ಪ್ರತಿ ಸಿಗಲಿ ಅಂತ ಆಸೆ. ಮತ್ತೆ ಫೋಟೊ ತೆಗೆಯಬೇಕಾ? ಇದ್ದದ್ದನ್ನೇ ಸರಿ ಮಾಡಬಹುದಾ?

ಖಡೇಬಜಾರ್_ಡಿಟಿಪಿ (ಬೆಳಗಾವಿ)

ನಮಸ್ಕಾರ ರೀ. ಫೋನಿನ ಫೋಟೊದಿಂದ ಒಳ್ಳೆ ಪ್ರಿಂಟ್ ಖಂಡಿತ ಬರುತ್ತದೆ. ಮೊದಲು ಪಿಕ್ಸೆಲ್, ಅಂದರೆ ಚಿತ್ರದ ಸಣ್ಣ ಚುಕ್ಕೆಗಳು, ಎಲ್ಲಿ ಕಳೆದುಹೋದವು ನೋಡೋಣ.

ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಇಂಚಿನಲ್ಲಿ ಸುಮಾರು 8.27 ಮತ್ತು 11.69. ಇಂಚಿಗೆ 300 ಪಿಕ್ಸೆಲ್ ಇದ್ದರೆ ಅಕ್ಷರ ಶುದ್ಧವಾಗಿ ಬರುತ್ತದೆ. ಅಂದರೆ 2480 × 3508 ಪಿಕ್ಸೆಲ್ ಬೇಕು, ಹೆಚ್ಚುಕಡಿಮೆ 8.7 ಮೆಗಾಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನ್ 4000 × 3000 ಕೊಡುತ್ತದೆ. ಪುಟ ಚೌಕಟ್ಟಿನ ತುಂಬ ಇದ್ದರೆ ಎ4ಗೆ ಇಂಚಿಗೆ 340ರ ಆಸುಪಾಸು ಆಯಿತು. ಸಾಕಷ್ಟಾಯಿತು.

ಈಗ ವಾಟ್ಸ್‌ಆ್ಯಪ್‌ಗೆ ಬನ್ನಿ. ಮಾಮೂಲಿ ಫೋಟೊ ಅಂತ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 1600ನ್ನು 11.69ರಿಂದ ಭಾಗಿಸಿ, ಇಂಚಿಗೆ 137 ಉಳಿಯಿತು. ಪುಟದ ಸುತ್ತ ಮೇಜು, ಚಾಪೆ ಕೂಡ ಫೋಟೊದಲ್ಲಿ ಬಂದಿದ್ದರೆ ನೂರರ ಹತ್ತಿರ. ಅದರ ಮೇಲೆ ಫೈಲ್ ಚಿಕ್ಕದು ಮಾಡುವ ಜೆಪೆಗ್ ಒತ್ತುವಿಕೆ ಬೇರೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಒತ್ತುತ್ತದೆ. ಮುಖ, ಆಕಾಶ, ಗಿಡಮರಕ್ಕೆ ಅದು ಗೊತ್ತಾಗುವುದಿಲ್ಲ. ಬಿಳಿ ಮೇಲಿನ ಕಪ್ಪು ಗೆರೆಯ ಸುತ್ತ ಮಾತ್ರ ನುಸಿ ಮುತ್ತಿದಂತೆ ಚುಕ್ಕೆ ಬರುತ್ತವೆ. ನಿಮ್ಮ ಒತ್ತಕ್ಷರ ಹೋದದ್ದು ಅಲ್ಲೇ.

2023ರಲ್ಲಿ ಬಂದ ಎಚ್‌ಡಿ ಆಯ್ಕೆ ಇದಕ್ಕಿಂತ ಮೇಲು, ಆದರೂ ಅದು ಒತ್ತಿಯೇ ಕಳಿಸುತ್ತದೆ. ಪಿನ್ ಗುರುತು ಒತ್ತಿ "ಡಾಕ್ಯುಮೆಂಟ್" ಅಂತ ಆರಿಸಿ ಕಳಿಸಿ. ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.

ನಿಮ್ಮ ಫೋನಿನಲ್ಲಿ ಮೂಲ ಫೋಟೊ ಇವೆಯಲ್ವಾ? ಗ್ಯಾಲರಿಯಲ್ಲಿ ವಿವರ ತೆರೆದು ಅಳತೆ ನೋಡಿ ಹೇಳಿ.

ನವನಗರ_ಓದುಗ (ಬಾಗಲಕೋಟೆ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಫೋನಿನ ಫೋಟೊ ಕಂಪ್ಯೂಟರಿನಲ್ಲಿ ತೆರೆದರೆ "72 ಡಿಪಿಐ" ಅಂತ ತೋರಿಸುತ್ತದೆ. ಅಂಗಡಿಯಲ್ಲಿ 300 ಬೇಕು ಅಂತಾರೆ. ಹಾಗಾದರೆ ನನ್ನ ಫೋಟೊ ಪ್ರಿಂಟಿಗೆ ಬರುವುದಿಲ್ಲವೇ?

ಖಡೇಬಜಾರ್_ಡಿಟಿಪಿ

ಬರುತ್ತದೆ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅಂತ. ಆ 72 ಅನ್ನುವುದು ಫೈಲಿನೊಳಗೆ ಬರೆದಿಟ್ಟ ಒಂದು ಸಂಖ್ಯೆ ಅಷ್ಟೇ. ಫೋಟೊ ತೆಗೆಯುವಾಗ ನೀವು ಎಷ್ಟು ದೊಡ್ಡ ಹಾಳೆಗೆ ಪ್ರಿಂಟ್ ಮಾಡುತ್ತೀರಿ ಅಂತ ಫೋನಿಗೆ ಏನು ಗೊತ್ತು? ಒಟ್ಟು ಪಿಕ್ಸೆಲ್ ಎಷ್ಟು, ಅದು ಎಷ್ಟು ಇಂಚಿನ ಮೇಲೆ ಬೀಳುತ್ತದೆ, ಇವೆರಡನ್ನೇ ನೋಡಿ.

ಗುಮ್ಮಟ_ಸ್ಟುಡಿಯೊ (ವಿಜಯಪುರ)

ಡಿಟಿಪಿ ಅಣ್ಣಾವರು ಲೆಕ್ಕ ಸರಿಯಾಗಿ ಬಿಡಿಸಿದ್ದಾರೆ. ನಾನು ಫೋಟೊ ತೆಗೆಯುವ ಬಗ್ಗೆ ಹೇಳುತ್ತೇನೆ. ಹೆಚ್ಚಿನ ಪುಟ ಇದ್ದದ್ದರಲ್ಲೇ ಸರಿಹೋದರೂ ಕೆಲವನ್ನು ಮತ್ತೆ ತೆಗೆಯಬೇಕಾಗಬಹುದು.

ಬೆಳಕು ಮುಖ್ಯ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ ವಹಿ ಇಡಿ. ನಮ್ಮ ಕಡೆ ಮಧ್ಯಾಹ್ನದ ಬಿಸಿಲು ಬಹಳ ಚುರುಕು. ಪಡಸಾಲೆಯ ನೆರಳಲ್ಲಿ ಬೆಳಿಗ್ಗೆ ಸಿಗುವ ಬೆಳಕೇ ಒಳ್ಳೆಯದು. ಫ್ಲಾಶ್ ಬೇಡವೇ ಬೇಡ. ಮೇಲಿನ ಬಲ್ಬ್ ಆರಿಸಿ, ಇಲ್ಲದಿದ್ದರೆ ನಿಮ್ಮ ತಲೆಯ ಮತ್ತು ಫೋನಿನ ನೆರಳು ಪುಟದ ಮೇಲೆ ಬೀಳುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಆ ಕಡೆಯ ಕತ್ತಲೆಯೂ ತುಂಬುತ್ತದೆ.

ಒಂದು ಸಲಕ್ಕೆ ಒಂದೇ ಪುಟ. ಎರಡು ಪುಟ ಬಿಚ್ಚಿಟ್ಟು ಒಂದೇ ಫೋಟೊ ತೆಗೆದರೆ ಸಮಯ ಉಳಿಯುತ್ತದೆ, ಆದರೆ ಒಂದೊಂದು ಪುಟಕ್ಕೆ ಸಿಗುವ ಪಿಕ್ಸೆಲ್ ಅರ್ಧ.

ಫೋನ್ ಹಾಳೆಗೆ ಸಮಾನಾಂತರವಾಗಿರಲಿ. ತೀರಾ ಹತ್ತಿರ ಹೋಗಬೇಡಿ, ಮೂಲೆಗಳು ಎಳೆದಂತೆ ಆಗುತ್ತವೆ, ಮೂಲೆಯ ಅಕ್ಷರ ಫೋಕಸ್ ತಪ್ಪುತ್ತದೆ. ಫೋನಿನಲ್ಲಿ ನಿಜವಾದ 2ಎಕ್ಸ್ ಲೆನ್ಸ್ ಇದ್ದರೆ ಸ್ವಲ್ಪ ದೂರದಿಂದ ಅದರಲ್ಲಿ ತೆಗೆಯಿರಿ. ಕೈಯಲ್ಲಿ ಹಿಡಿಯುವ ಬದಲು ಎರಡು ಡಬ್ಬಿಗಳ ಮೇಲೆ ಹಲಗೆ ಅಡ್ಡ ಇಟ್ಟು, ಅದರ ತುದಿಗೆ ಫೋನ್ ಇಟ್ಟು, 2 ಸೆಕೆಂಡ್ ಟೈಮರ್ ಹಾಕಿ. ಬೆರಳು ತಾಗಿ ಅಲುಗಿದ ಫೋಟೊವನ್ನು ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ಸರಿ ಮಾಡಲು ಆಗುವುದಿಲ್ಲ. ಲೆನ್ಸ್ ಒರೆಸುವುದನ್ನು ಎಷ್ಟೋ ಜನ ಮರೆಯುತ್ತಾರೆ.

ಇನ್ನೊಂದು. ಹಳೆ ತೆಳು ಹಾಳೆಯಲ್ಲಿ ಹಿಂದಿನ ಪುಟದ ಶಾಯಿ ಈ ಕಡೆ ಕಾಣುತ್ತದೆ. ಪುಟದ ಹಿಂದೆ ಒಂದು ಕಪ್ಪು ಹಾಳೆ ಇಟ್ಟು ತೆಗೆಯಿರಿ. ಪುಟ ಒಟ್ಟಾರೆ ಸ್ವಲ್ಪ ಮಂಕಾಗುತ್ತದೆ, ಆದರೆ ಹಿಂದಿನ ಅಕ್ಷರ ಬಹಳ ಕಡಿಮೆಯಾಗುತ್ತದೆ. ಬಿಳಿ ಹಾಳೆ ಇಟ್ಟರೆ ಉಲ್ಟಾ, ಅದು ಬೆಳಕನ್ನು ಹಿಂದಿನಿಂದ ವಾಪಸ್ ಎಸೆದು ಆ ಅಕ್ಷರವನ್ನು ಎತ್ತಿ ತೋರಿಸುತ್ತದೆ.

ಘಟಪ್ರಭಾ_ದಂಡೆ

ಬಹಳ ಉಪಕಾರ ಆಯಿತು ರೀ. ಮೂಲ ಫೋಟೊ ಎಲ್ಲವೂ ಫೋನಿನಲ್ಲಿವೆ, 4000 × 3000 ಇವೆ. ಒಂದೊಂದೇ ಪುಟ ತೆಗೆದಿದ್ದೇನೆ. ಅಲುಗಿದ್ದು ಕಡಿಮೆ. ಆದರೆ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು ಇದೆ. ಹಾಳೆ ಹಳದಿ ತಿರುಗಿದೆ. ಶಾಯಿ ನೀಲಿ, ನಡುನಡುವೆ ಪೆನ್ಸಿಲ್. ಕಾಂಟ್ರಾಸ್ಟ್ ಜಾಸ್ತಿ ಮಾಡಿದರೆ ನೆರಳಿನ ಬದಿ ಪೂರ್ತಿ ಕಪ್ಪಾಗಿಬಿಡುತ್ತದೆ.

ಖಡೇಬಜಾರ್_ಡಿಟಿಪಿ

ಒಳ್ಳೆಯ ಸುದ್ದಿ. ಎ5 ಪುಟಕ್ಕೆ 4000 ಪಿಕ್ಸೆಲ್ ಅಂದರೆ ಇಂಚಿಗೆ ಸುಮಾರು 480. ಎ4ಗೆ ಹಿಗ್ಗಿಸಿದರೂ 340 ಉಳಿಯುತ್ತದೆ.

ಈಗ ಪ್ರಿಂಟ್ ಬೂದು ಯಾಕೆ ಆಯಿತು ಅನ್ನುವುದು. ಇದು ತಿಳಿದರೆ ಮುಂದಿನದೆಲ್ಲ ತಾನೇ ಹೊಳೆಯುತ್ತದೆ. ಕಪ್ಪು-ಬಿಳುಪು ಲೇಸರ್ ಪ್ರಿಂಟರಿನಲ್ಲಿ ಬೂದು ಬಣ್ಣ ಅನ್ನುವುದೇ ಇಲ್ಲ. ಇರುವುದು ಕಪ್ಪು ಟೋನರ್ ಒಂದೇ. ಬೂದು ಬೇಕಾದಾಗ ಅದು ಸಣ್ಣ ಕಪ್ಪು ಚುಕ್ಕೆಗಳನ್ನು ದೂರ ದೂರ ಹಾಕುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಡಿ ದೂರದಿಂದ ಒಂದೇ ಬಣ್ಣವಾಗಿ ಕಾಣುವ ಹಾಗೆ, ನಮ್ಮ ಕಣ್ಣು ಅದನ್ನು ಬೂದು ಅಂದುಕೊಳ್ಳುತ್ತದೆ. ನಿಮ್ಮ ಹಳದಿ ಹಾಳೆ ಅದಕ್ಕೆ ತೆಳು ಬೂದು, ಹಾಗಾಗಿ ಪುಟದ ತುಂಬ ಚುಕ್ಕೆ ಹಾಕಿತು. ಮಾಸಿದ ನೀಲಿ ಅಕ್ಷರವೂ ಅದಕ್ಕೆ ಬೂದುವೇ. ಅಕ್ಷರವನ್ನೂ ಚುಕ್ಕೆಯಲ್ಲೇ ಬಿಡಿಸಿತು. ಗೆರೆಯ ಅಂಚು ಚೂರಾದದ್ದು ಅದಕ್ಕೇ. 600 ಡಿಪಿಐ ಪ್ರಿಂಟರ್ ಇದ್ದರೂ ಬೂದು ಬಿಡಿಸುವಾಗ ಅಷ್ಟು ಸೂಕ್ಷ್ಮ ಉಳಿಯುವುದಿಲ್ಲ. ಅದೇ ಪ್ರಿಂಟರಿಗೆ ಅಚ್ಚ ಕಪ್ಪು ಗೆರೆ ಕೊಡಿ, 600ಕ್ಕೆ 600 ಶುದ್ಧವಾಗಿ ಹಾಕುತ್ತದೆ.

ಹಾಗಾಗಿ ಹಾಳೆ ಅಚ್ಚ ಬಿಳಿ ಆಗಬೇಕು, ಅಕ್ಷರ ಅಚ್ಚ ಕಪ್ಪು ಆಗಬೇಕು. ಬಹಳ ಜನ ಮೊದಲು "ಶಾರ್ಪನ್" ಒತ್ತುತ್ತಾರೆ. ಅದರಿಂದ ಹಾಳೆಯ ಕಲೆ, ನೂಲು, ಧೂಳು ಎಲ್ಲ ಶಾರ್ಪ್ ಆಗುತ್ತವೆ.

ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಮೊದಲು ನೆಟ್ಟಗೆ ಮಾಡಿ, ಪುಟದ ಅಂಚಿಗೆ ಕತ್ತರಿಸಿ. ಆಮೇಲೆ ಬಣ್ಣದ ಮೆನುವಿನ ಕಾಂಪೊನೆಂಟ್ಸ್‌ನಲ್ಲಿ ಕೆಂಪು ಚಾನೆಲ್ (ಫೋಟೊದ ಕೆಂಪು ಬೆಳಕಿನ ಭಾಗ) ಮಾತ್ರ ತೆಗೆದುಕೊಳ್ಳಿ. ಇದಕ್ಕೆ ಕಾರಣ ಇದೆ. ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಅದು ಗಾಢವಾಗಿ ಕಾಣುತ್ತದೆ. ಹಳದಿ ಹಾಳೆ ನುಂಗುವುದು ನೀಲಿ ಬೆಳಕನ್ನು, ಕೆಂಪನ್ನಲ್ಲ. ಹಾಗಾಗಿ ಹಾಳೆ ಅಲ್ಲಿ ಬಿಳಿಯಾಗುತ್ತದೆ. ಒಂದೇ ಏಟಿಗೆ ಎರಡೂ ಕೆಲಸ.

ನೆರಳಿಗೆ ಮದ್ದು ಹೀಗೆ. ಚಿತ್ರದ ಲೇಯರ್ (ಪದರ) ಒಂದನ್ನು ನಕಲು ಮಾಡಿ. ಮೇಲಿನ ನಕಲಿಗೆ ಗಾಸಿಯನ್ ಬ್ಲರ್ ಜೋರಾಗಿ ಕೊಡಿ, ಅಕ್ಷರ ಪೂರ್ತಿ ಕರಗಿ ಬರೀ ಬೆಳಕು-ನೆರಳು ಉಳಿಯುವಷ್ಟು. ನಿಮ್ಮ ಅಳತೆಗೆ 60ರಿಂದ 100 ಪಿಕ್ಸೆಲ್ ಇಟ್ಟು ನೋಡಿ. ಆ ಲೇಯರಿನ ಮೋಡ್ "ಡಿವೈಡ್" ಮಾಡಿ. ಕೆಳಗಿನ ಚಿತ್ರವನ್ನು ಅದರದೇ ನೆರಳಿನಿಂದ ಭಾಗಿಸಿದಂತೆ ಆಯಿತು. ನೆರಳಿನ ಬದಿ, ಬೆಳಕಿನ ಬದಿ ಎರಡೂ ಒಂದೇ ಬಿಳಿಯಾಗಿ ನಿಲ್ಲುತ್ತವೆ.

ಎರಡೂ ಲೇಯರ್ ಕೂಡಿಸಿ, ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿ, ಹಿಗ್ಗಿಸುವ ವಿಧಾನದಲ್ಲಿ ಕ್ಯೂಬಿಕ್ ಆರಿಸಿ. ಕಪ್ಪು-ಬಿಳಿ ಮಾಡುವ ಮೊದಲೇ ಇದನ್ನು ಮಾಡಬೇಕು. ಬೂದು ಇರುವಾಗ ಹಿಗ್ಗಿಸಿದರೆ ಗೆರೆಯ ಅಂಚು ನುಣ್ಣಗೆ ಬೆಳೆಯುತ್ತದೆ. ಕಪ್ಪು-ಬಿಳಿ ಆದ ಮೇಲೆ ಹಿಗ್ಗಿಸಿದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆಮೇಲೆ ಅಂಚು ಚುರುಕಾಗಲು ಸ್ವಲ್ಪವೇ ಅನ್‌ಶಾರ್ಪ್ ಮಾಸ್ಕ್. ಕಡೆಗೆ ಥ್ರೆಶೋಲ್ಡ್, ಅಂದರೆ ಒಂದು ಅಂಕಿಗಿಂತ ಗಾಢ ಇದ್ದದ್ದೆಲ್ಲ ಅಚ್ಚ ಕಪ್ಪು, ಉಳಿದದ್ದು ಅಚ್ಚ ಬಿಳಿ. 170ರಿಂದ 200ರ ನಡುವೆ ಶುರು ಮಾಡಿ, ಕಣ್ಣಿಟ್ಟು ನೋಡುತ್ತ ಸರಿಸಿ. ಪಿಎನ್‌ಜಿ ಆಗಿ ಉಳಿಸಿ, ಜೆಪೆಗ್ ಬೇಡ.

ಆಲಮಟ್ಟಿ_ಹುಡುಗ

ಇಷ್ಟೆಲ್ಲ ಯಾಕೆ ರೀ? ಈಗ ಎಐ ಆ್ಯಪ್ ಬಂದಿವೆ. ಮಸುಕಾದ ಫೋಟೊ ಹಾಕಿದರೆ ಹೊಸದರ ಹಾಗೆ ಮಾಡಿ ಕೊಡುತ್ತವೆ. ನಾನು ಅಜ್ಜನ ಫೋಟೊಗೆ ಮಾಡಿದ್ದೇನೆ, ಬಹಳ ಚಂದ ಬಂತು.

ಜಮಖಂಡಿ_ಮಾಸ್ತರ್

ತಮ್ಮಾ, ಮುಖದ ಫೋಟೊಗೆ ಅದು ನಡೆಯಬಹುದು. ಅಕ್ಷರಕ್ಕೆ ಬೇಡ. ಕಾಣದ್ದನ್ನು ಆ ಆ್ಯಪ್ ಊಹಿಸಿ ಬರೆಯುತ್ತದೆ. ನಮ್ಮ ಲಿಪಿಯಲ್ಲಿ ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಗೀಟು. ಬ ಮತ್ತು ಭ, ಪ ಮತ್ತು ಫ ಕೂಡ ಹಾಗೇ. ಮಸುಕಾದ ಕಡೆ ಆ ಗೀಟು ಇತ್ತೋ ಇಲ್ಲವೋ ಯಂತ್ರ ತನಗೆ ತೋಚಿದಂತೆ ತೀರ್ಮಾನ ಮಾಡಿ, ಅಂದವಾಗಿ ಬರೆದು ಕೊಟ್ಟರೆ ಓದುವವರಿಗೆ ಅನುಮಾನವೇ ಬರುವುದಿಲ್ಲ. ಮಸುಕಾಗಿದ್ದರೆ ಮಸುಕು ಅಂತಾದರೂ ಗೊತ್ತಾಗುತ್ತದೆ, ಹಿರಿಯರನ್ನು ಕೇಳಿ ಸರಿ ಮಾಡಿಕೊಳ್ಳಬಹುದು.

ಇದು ಬರೀ ಹೆದರಿಕೆ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವವರು ಝೆರಾಕ್ಸ್ ಕಂಪನಿಯ ಕೆಲವು ದೊಡ್ಡ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದಾಗ ನಕ್ಷೆಯ ಅಂಕಿಗಳು ಬದಲಾಗಿದ್ದನ್ನು ಕಂಡುಹಿಡಿದರು. 6 ಇದ್ದದ್ದು 8 ಆಗಿತ್ತು. ಫೈಲ್ ಚಿಕ್ಕದು ಮಾಡಲು ಜೆಬಿಐಜಿ2 ಅನ್ನುವ ವಿಧಾನ ಒಂದೇ ತೆರನಾಗಿ ಕಂಡ ಅಕ್ಷರಗಳನ್ನು ಒಂದೇ ಅಂತ ತಿಳಿದು, ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. ಪ್ರಿಂಟ್ ನೋಡಿದರೆ ಬಹಳ ಸ್ವಚ್ಛ. ಅಂಕಿ ಮಾತ್ರ ತಪ್ಪು. ಅದು ಎಐ ಕೂಡ ಅಲ್ಲ.

ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆ ಕೂಡಿಸಿ ವಚನ ಅಚ್ಚು ಹಾಕಿಸಿದರು. ಅದಕ್ಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಶುರು ಮಾಡಿದರು. ಅಂಥವರ ನಾಡಿನಲ್ಲಿ ಇರುವ ನಾವು ಒಂದು ಭಜನಾ ವಹಿಯ ಅಕ್ಷರವನ್ನಾದರೂ ಇದ್ದ ಹಾಗೆ ಮುಂದಿನವರಿಗೆ ದಾಟಿಸಬೇಕು. ನನಗೆ ಇದು ಬಹಳ ದೊಡ್ಡ ಕೆಲಸ ಅನಿಸುತ್ತದೆ. ಮೂಲ ಫೋಟೊಗಳನ್ನು ಅಳಿಸಬೇಡಿ. ಕಪ್ಪು-ಬಿಳಿ ಮಾಡಿದ್ದು ಬೇರೆ ಫೋಲ್ಡರ್, ಮೂಲ ಬೇರೆ ಫೋಲ್ಡರ್. ಮೂಲದ್ದು ಎರಡು ಕಡೆ ಇರಲಿ.

ಆಲಮಟ್ಟಿ_ಹುಡುಗ

ಹೌದು ಮಾಸ್ತರ್ರೇ, ಇದನ್ನು ಯೋಚಿಸಿರಲಿಲ್ಲ. ಅಂಕಿ ಬದಲಾದದ್ದು ಓದಿ ಗಾಬರಿಯಾಯಿತು.

ಉತಾರ_ಕಾಗದ (ಬೆಳಗಾವಿ)

ಇಲ್ಲೇ ನನ್ನದೂ ಒಂದು ಪ್ರಶ್ನೆ. 1956ರವರೆಗೆ ನಮ್ಮ ಭಾಗ ಮುಂಬೈ ಆಡಳಿತದಲ್ಲಿ ಇತ್ತಲ್ವಾ, ನಮ್ಮ ಮನೆಯ ಹಳೆ ಹೊಲದ ಕಾಗದ ಮರಾಠಿಯಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿ (ಮರಾಠಿ ಬರೆಯುತ್ತಿದ್ದ ಹಳೆ ಕೂಡುಬರಹ). ಓದುವವರೊಬ್ಬರು ಸಿಕ್ಕಿದ್ದಾರೆ, ಅವರಿಗೆ ಪ್ರಿಂಟ್ ಬೇಕು. ಬರಹದ ಮೇಲೆ ಕೆಂಪು ಶಿಕ್ಕಾ ಬಿದ್ದಿದೆ. ಶಾಯಿ ಕಂದು ತಿರುಗಿದೆ. ಕಪ್ಪು-ಬಿಳಿ ಮಾಡಿದರೆ ಶಿಕ್ಕಾ ಮತ್ತು ಅಕ್ಷರ ಒಂದರಲ್ಲೊಂದು ಬೆರೆಯುತ್ತವೆ.

ಖಡೇಬಜಾರ್_ಡಿಟಿಪಿ

ಶಿಕ್ಕಾ ಇರುವ ಜಾಗಕ್ಕೆ ಕೆಂಪು ಚಾನೆಲ್ ನೋಡಿ. ಕೆಂಪು ಶಾಯಿ ಕೆಂಪು ಬೆಳಕನ್ನು ವಾಪಸ್ ಕಳಿಸುತ್ತದೆ, ಹಾಗಾಗಿ ಶಿಕ್ಕಾ ಹೆಚ್ಚುಕಡಿಮೆ ಮಾಯವಾಗಿ ಕೆಳಗಿನ ಬರಹ ಉಳಿಯುತ್ತದೆ. ಉಳಿದ ಕಡೆ ಕಂದು ಶಾಯಿಗೆ ನೀಲಿ ಚಾನೆಲ್ ಒಳ್ಳೆಯದು, ಅಕ್ಷರ ಅಲ್ಲೇ ಹೆಚ್ಚು ಗಾಢ. ಹಾಳೆಯೂ ಕಪ್ಪಾಗುತ್ತದೆ, ಅದಕ್ಕೆ ಮೇಲೆ ಹೇಳಿದ ಡಿವೈಡ್ ಇದೆ. ನೇರಳೆ ಶಿಕ್ಕಾದ ಅಕ್ಷರವನ್ನೇ ಓದಬೇಕಾದರೆ ಹಸಿರು ಚಾನೆಲ್. ಮೂರೂ ಚಾನೆಲ್ ಬೇರೆ ಬೇರೆ ಪ್ರಿಂಟ್ ತೆಗೆದು ಓದುವವರ ಮುಂದೆ ಇಡಿ, ಜೊತೆಗೆ ಬಣ್ಣದ ಪ್ರಿಂಟ್ ಒಂದು. ಮೋಡಿಯಲ್ಲಿ ಲೇಖನಿ ಎತ್ತದೆ ಬರೆಯುತ್ತಾರೆ. ಥ್ರೆಶೋಲ್ಡ್ ಹಾಕಿ ಸಣ್ಣ ಗೆರೆ ತುಂಡಾದರೆ ಓದುವುದೇ ಕಷ್ಟ. ಅದಕ್ಕೆ ಬೂದು ಉಳಿಸಿಕೊಂಡು ಹಾಳೆಯನ್ನು ಮಾತ್ರ ಬಿಳಿ ಮಾಡಿ.

ಇದು ಓದಿಸಿಕೊಳ್ಳಲು ಮಾತ್ರ ಅಕ್ಕಾವರೇ. ಕಚೇರಿ, ಕೋರ್ಟಿಗೆ ಕೊಡುವುದಾದರೆ ದೃಢೀಕೃತ ನಕಲನ್ನೇ ತೆಗೆಸಿ. ಶಿಕ್ಕಾ ಮಾಯ ಮಾಡಿದ ಪ್ರತಿಯನ್ನು ಅಲ್ಲಿ ಕೊಡಲೇಬಾರದು.

ಘಟಪ್ರಭಾ_ದಂಡೆ

ಕೆಂಪು ಚಾನೆಲ್, ಡಿವೈಡ್ ಎರಡೂ ಮಾಡಿದೆ. ಕಣ್ಣಿಗೆ ನಂಬಿಕೆ ಬರಲಿಲ್ಲ ರೀ. ಹಾಳೆ ಪೂರ್ತಿ ಬಿಳಿ ಆಯಿತು. ಕಲೆ ಅಂದುಕೊಂಡ ಜಾಗದಲ್ಲಿ ಒಂದು ಪದದ ಪಲ್ಲವಿಯೇ ಇತ್ತು.

ಎರಡು ತೊಡಕು ಉಳಿದಿವೆ. ಥ್ರೆಶೋಲ್ಡ್ ಜಾಸ್ತಿ ಮಾಡಿದರೆ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ, ಸೊನ್ನೆ ಚುಕ್ಕೆಯಾಗುತ್ತದೆ. ಕಡಿಮೆ ಮಾಡಿದರೆ ತಲೆಕಟ್ಟು ಹಾರಿಹೋಗುತ್ತದೆ. ಮತ್ತು ಪೆನ್ಸಿಲ್ ಪುಟ ಏನು ಮಾಡಿದರೂ ಬರುತ್ತಿಲ್ಲ.

ಗುಮ್ಮಟ_ಸ್ಟುಡಿಯೊ

ಪೆನ್ಸಿಲ್ ಪುಟಗಳನ್ನು ಮತ್ತೆ ತೆಗೆಯಿರಿ. ಪೆನ್ಸಿಲ್ ಗೆರೆಗೆ ಹೊಳಪಿದೆ. ಬೆಳಕು ಆ ಹೊಳಪಿಗೆ ತಾಗಿ ಲೆನ್ಸಿಗೆ ಬಂದರೆ ಗೆರೆ ಹಾಳೆಯಷ್ಟೇ ಬೆಳ್ಳಗೆ ಕಾಣುತ್ತದೆ. ವಹಿಯನ್ನು ಕಿಟಕಿಯ ಎದುರು ನಿಧಾನ ತಿರುಗಿಸುತ್ತ ಹೋಗಿ, ಒಂದು ಕೋನದಲ್ಲಿ ಗೆರೆ ಥಟ್ಟನೆ ಕಪ್ಪಾಗುತ್ತದೆ. ಅಲ್ಲೇ ತೆಗೆಯಿರಿ. ಕಪ್ಪು ಹಾಳೆ ಮರೆಯಬೇಡಿ.

ಖಡೇಬಜಾರ್_ಡಿಟಿಪಿ

ಥ್ರೆಶೋಲ್ಡ್ ಬದಲು ಲೆವೆಲ್ಸ್ ಬಳಸಿ. ಬಿಳಿ ತುದಿಯನ್ನು ಎಡಕ್ಕೆ ಎಳೆದು ಹಾಳೆಯನ್ನು ಅಚ್ಚ ಬಿಳಿ ಮಾಡಿ, ಕಪ್ಪು ತುದಿಯನ್ನು ಬಲಕ್ಕೆ ಎಳೆದು ಅಕ್ಷರದ ನಡುಭಾಗ ಅಚ್ಚ ಕಪ್ಪು ಮಾಡಿ. ಎರಡರ ನಡುವೆ ಸಣ್ಣ ಸಂದು ಉಳಿಯಲಿ. ಅಂಚಿನಲ್ಲಿ ಮಾತ್ರ ಕೊಂಚ ಬೂದು ಇರುತ್ತದೆ, ತಲೆಕಟ್ಟು ಉಳಿಯುತ್ತದೆ, ಹೊಟ್ಟೆಯೂ ತುಂಬುವುದಿಲ್ಲ. ಕೈಬರಹಕ್ಕೆ ನನ್ನ ಮಟ್ಟಿಗೆ ಇದೇ ಮೇಲು. ಅಚ್ಚಾದ ಪುಸ್ತಕಕ್ಕೆ ಥ್ರೆಶೋಲ್ಡ್ ಚೆನ್ನಾಗಿ ಹೊಂದುತ್ತದೆ.

ಪುಟ ಬಹಳ ಇದ್ದರೆ ಸ್ಕ್ಯಾನ್ ಟೇಲರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು, ನೆರಳು ತೆಗೆಯುವುದು ಎಲ್ಲ ಸಾಲಾಗಿ ಮಾಡುತ್ತದೆ. ಮೊದಲಿಗೆ ಡಿಪಿಐ ಕೇಳುತ್ತದೆ, ನಿಮ್ಮದಕ್ಕೆ 480 ಕೊಡಿ.

ಇನ್ನು ಅಂಗಡಿಯಲ್ಲಿ. ಫೋಟೊವನ್ನು ವರ್ಡ್‌ನಲ್ಲಿ ಅಂಟಿಸಿ ಪ್ರಿಂಟ್ ಕೊಡುವ ರೂಢಿ ಇದೆ, ಅದು ಬೇಡ. ವರ್ಡ್ ತಾನಾಗಿಯೇ ಚಿತ್ರವನ್ನು ಇಂಚಿಗೆ 220 ಪಿಕ್ಸೆಲ್‌ಗೆ ಇಳಿಸಿ ಉಳಿಸಬಹುದು. ಎಲ್ಲ ಪುಟ ಸೇರಿಸಿ ಎ4 ಅಳತೆಯ ಪಿಡಿಎಫ್ ಮಾಡಿಕೊಂಡು ಹೋಗಿ, "ಆ್ಯಕ್ಚುವಲ್ ಸೈಜ್" ಅಂತ ಹೇಳಿ. ಟೋನರ್ ಉಳಿಸುವ ಮೋಡ್ ಆಫ್ ಮಾಡಿಸಿ, ಅದು ಇದ್ದರೆ ಕಪ್ಪೂ ಬೂದಾಗುತ್ತದೆ. 600 ಡಿಪಿಐ ಇಡಿಸಿ. ಮೊದಲು ಒಂದೇ ಪುಟ ತೆಗೆಸಿ, ಮೇಳದ ಹಿರಿಯರ ಕೈಗೆ ಕೊಟ್ಟು ಓದಿಸಿ. ಆಮೇಲೆ ಉಳಿದದ್ದು.

ನವನಗರ_ಓದುಗ

ಇಂಕ್‌ಜೆಟ್ ಆಗುತ್ತದಾ? ಮನೆಯಲ್ಲಿ ಇದೆ.

ಖಡೇಬಜಾರ್_ಡಿಟಿಪಿ

ಓದಲು ಆಗುತ್ತದೆ. ಸಾದಾ ಹಾಳೆಯಲ್ಲಿ ಶಾಯಿ ಸ್ವಲ್ಪ ಹರಡುತ್ತದೆ, ಸಣ್ಣ ಒತ್ತು ದಪ್ಪ ಕಾಣುತ್ತದೆ. ಬಹಳಷ್ಟು ಇಂಕ್‌ಜೆಟ್ ಶಾಯಿ ನೀರು, ಬೆವರು ತಾಗಿದರೆ ಕದಡುತ್ತದೆ. ಭಜನೆಯಲ್ಲಿ ಕೈಯಿಂದ ಕೈಗೆ ಹೋಗುವ ಹಾಳೆಗೆ ಲೇಸರ್ ಇರಲಿ.

ಘಟಪ್ರಭಾ_ದಂಡೆ

ಕೊನೆಗೆ ಒಂದು. ಎರಡೂ ಬದಿ ಪ್ರಿಂಟ್ ಮಾಡಿಸಿ ಸ್ಪೈರಲ್ ಹಾಕಿಸಬೇಕು. ಹಾಳೆ ಎಂಥದ್ದು ತೆಗೆದುಕೊಳ್ಳಲಿ?

ಖಡೇಬಜಾರ್_ಡಿಟಿಪಿ

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಮಾಮೂಲಿ 70 ಜಿಎಸ್‌ಎಂ ಹಾಳೆಯಲ್ಲಿ ಹಿಂದಿನ ಬದಿ ಕಾಣುತ್ತದೆ. ವಹಿಯಲ್ಲಿ ತೆಗೆದ ತೊಂದರೆಯನ್ನು ಮತ್ತೆ ತಂದಂತೆ ಆಗುತ್ತದೆ. 100 ಜಿಎಸ್‌ಎಂ ಕೇಳಿ. ಸಿಗದಿದ್ದರೆ 80ರಲ್ಲಿ ಒಂದೇ ಬದಿ ಮಾಡಿಸಿ. ಸ್ಪೈರಲ್ ತೂತಿಗೆ ಒಳಬದಿಯಲ್ಲಿ 15 ಮಿ.ಮೀ. ಖಾಲಿ ಬಿಡಿ. ಎರಡು ಬದಿ ಪ್ರಿಂಟ್ ಆದರೆ ಅದು ಒಂದು ಪುಟಕ್ಕೆ ಎಡಕ್ಕೆ, ಮುಂದಿನದಕ್ಕೆ ಬಲಕ್ಕೆ ಬರಬೇಕು. ಪಿಡಿಎಫ್ ಮಾಡುವಾಗಲೇ ಅದನ್ನು ಹಾಕಿಕೊಳ್ಳಿ, ಅಂಗಡಿಯಲ್ಲಿ ಆ ಕೆಲಸಕ್ಕೆ ಯಾರಿಗೂ ಪುರಸೊತ್ತು ಇರುವುದಿಲ್ಲ.